ಬೆಕ್ಕಿನ ಅಲರ್ಜಿ: ಮನೆಯಿಂದ ಹೊರಹಾಕುವ ಮುನ್ನ

ವರ್ಷಗಟ್ಟಲೆ ಬೆಕ್ಕು ಸಾಕಿದವರಿಗೂ ಇದ್ದಕ್ಕಿದ್ದಂತೆ ಅಲರ್ಜಿ ಕಾಣಿಸಿಕೊಳ್ಳಬಹುದು. ಸೀನು, ಮೂಗು ಸೋರುವಿಕೆ, ಕಣ್ಣು ತುರಿಕೆ ಇದರ ಲಕ್ಷಣಗಳು. ಉಬ್ಬಸ ಬಂದರೆ ತಡಮಾಡದೆ ವೈದ್ಯರನ್ನು ಕಾಣಬೇಕು.

ಬೆಕ್ಕಿನ ಕೂದಲು ಇದಕ್ಕೆ ಮೂಲವಲ್ಲ. ಅದರ ಜೊಲ್ಲು ಹಾಗೂ ಚರ್ಮದ ಗ್ರಂಥಿಗಳಲ್ಲಿ ಉತ್ಪತ್ತಿಯಾಗುವ 'ಫೆಲ್ ಡಿ 1' ಎಂಬ ಪ್ರೋಟೀನ್ ಮುಖ್ಯ ಕಾರಣ. ಬೆಕ್ಕು ಮೈ ನೆಕ್ಕಿಕೊಂಡಾಗ ಅಂಟುವ ಈ ಪ್ರೋಟೀನ್ ಒಣಗಿ, ಸೂಕ್ಷ್ಮ ಕಣಗಳಾಗಿ ಗಾಳಿಯಲ್ಲಿ ತೇಲುತ್ತದೆ. ಬೆಕ್ಕನ್ನು ಹೊರಹಾಕಿದರೂ ಹಾಸಿಗೆ, ಬಟ್ಟೆಗಳಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ.

ಯಾದಗಿರಿ ಜಿಲ್ಲೆಯ ಕಡೇಚೂರಿನಂತಹ, ಹೊಲಗಳ ನಡುವೆ ಕೈಗಾರಿಕಾ ಪ್ರದೇಶ ತಲೆಯೆತ್ತಿರುವ ಊರುಗಳಲ್ಲಿ ಧೂಳು, ಹೊಗೆ, ಕಾಂಗ್ರೆಸ್ ಕಳೆಯ ಪರಾಗವೂ ಇಂಥದೇ ತೊಂದರೆ ತರಬಲ್ಲವು. ಆದ್ದರಿಂದ ಚರ್ಮದ ಚುಚ್ಚು ಪರೀಕ್ಷೆ ಅಥವಾ 'ಐಜಿಇ' ರಕ್ತಪರೀಕ್ಷೆ ಮಾಡಿಸಿ ಕಾರಣವನ್ನು ಖಚಿತಪಡಿಸಿಕೊಳ್ಳುವುದು ಒಳಿತು.

ಕಾರಣ ಬೆಕ್ಕೇ ಎಂದಾದರೆ ಮಲಗುವ ಕೋಣೆಗೆ ಅದನ್ನು ಬಿಡಬಾರದು. ಹೊದಿಕೆಗಳನ್ನು ವಾರಕ್ಕೊಮ್ಮೆ ಬಿಸಿನೀರಿನಲ್ಲಿ ಒಗೆಯಬೇಕು. ನೆಲವನ್ನು ಗುಡಿಸುವ ಬದಲು ಒದ್ದೆ ಬಟ್ಟೆಯಿಂದ ಒರೆಸಬೇಕು. ಬೆಕ್ಕನ್ನು ಮುಟ್ಟಿದ ಮೇಲೆ ಕೈ ತೊಳೆಯಬೇಕು. ವೈದ್ಯರು ಆಂಟಿಹಿಸ್ಟಮಿನ್ ಮಾತ್ರೆ, ಮೂಗಿಗೆ ಸ್ಟೀರಾಯ್ಡ್ ಸ್ಪ್ರೇ ಸೂಚಿಸಬಹುದು.

ಇಷ್ಟಾದರೂ ಉಬ್ಬಸ ಹತೋಟಿಗೆ ಬಾರದಿದ್ದಲ್ಲಿ ಬೆಕ್ಕಿನೊಡನೆ ಇರುವುದು ಅಪಾಯಕರ. ಆಗಲೂ ಅದನ್ನು ಬೀದಿಪಾಲು ಮಾಡದೆ, ಅಕ್ಕರೆಯಿಂದ ಸಾಕುವ ಬೇರೊಂದು ಮನೆಗೆ ಒಪ್ಪಿಸುವುದೇ ಸೂಕ್ತ.