ರಾಷ್ಟ್ರಪತಿ ಅಭ್ಯರ್ಥಿಯ ಆಯ್ಕೆ ಮತ್ತು ಪಕ್ಷದ ವರಿಷ್ಠ ಮಂಡಳಿ: 1969ರ ಬೆಂಗಳೂರು ಅಧಿವೇಶನದ ಒಂದು ಪುನರಾವಲೋಕನ

ಭಾರತದ ಸಂವಿಧಾನವು ರಾಷ್ಟ್ರಪತಿಯನ್ನು ಯಾರು ಚುನಾಯಿಸಬೇಕೆಂಬುದನ್ನು ವಿಧಿ 54 ಮತ್ತು 55ರಲ್ಲಿ ಸ್ಪಷ್ಟವಾಗಿ ಹೇಳಿದೆ. ಆದರೆ ಅಭ್ಯರ್ಥಿಯನ್ನು ಯಾರು ಆರಿಸಬೇಕೆಂಬ ವಿಷಯದಲ್ಲಿ ಅದು ಮೌನವಾಗಿದೆ. ಈ ಮೌನದ ಅವಕಾಶವನ್ನು ಮೊದಲಿನಿಂದಲೂ ತುಂಬಿದವರು ರಾಜಕೀಯ ಪಕ್ಷಗಳ ವರಿಷ್ಠರು. ಅವರ ಈ ಅಧಿಕಾರದ ವ್ಯಾಪ್ತಿಯೂ ಮಿತಿಯೂ ಏಕಕಾಲಕ್ಕೆ ಬಯಲಾದದ್ದು 1969ರ ಜುಲೈ ತಿಂಗಳಲ್ಲಿ, ಬೆಂಗಳೂರಿನ ಲಾಲ್‌ಬಾಗ್ ಗಾಜಿನ ಮನೆಯಲ್ಲಿ ನಡೆದ ಅಖಿಲ ಭಾರತ ಕಾಂಗ್ರೆಸ್ ಸಮಿತಿಯ ಅಧಿವೇಶನದ ಸಂದರ್ಭದಲ್ಲಿ. ಕರ್ನಾಟಕದ ನೆಲದಲ್ಲಿ, ಕನ್ನಡಿಗರೊಬ್ಬರ ಅಧ್ಯಕ್ಷತೆಯಲ್ಲಿ ನಡೆದ ಈ ಘಟನೆಯನ್ನು ಕಾಂಗ್ರೆಸ್ಸಿನ ಒಡಕಿನ ಪೀಠಿಕೆಯಾಗಿ ನೋಡುವುದು ವಾಡಿಕೆ. ಅಭ್ಯರ್ಥಿಯ ಆಯ್ಕೆ ಎಂಬ ಪ್ರಕ್ರಿಯೆಯ ದೃಷ್ಟಿಯಿಂದ ಅದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಹಿನ್ನೆಲೆ

ಪ್ರಧಾನಿ ಮತ್ತು ಪಕ್ಷದ ಸಂಘಟನೆಯ ನಡುವೆ ಈ ವಿಷಯದಲ್ಲಿ ತಿಕ್ಕಾಟ ಹೊಸದೇನಲ್ಲ. 1950ರಲ್ಲಿ ಜವಾಹರಲಾಲ್ ನೆಹರೂ ಅವರ ಒಲವು ರಾಜಗೋಪಾಲಾಚಾರಿಯವರ ಕಡೆಗಿತ್ತು. ಸಂಘಟನೆಯ ಒಲವಿನಂತೆ ರಾಜೇಂದ್ರ ಪ್ರಸಾದರು ಆಯ್ಕೆಯಾದರು. 1967ರಲ್ಲಿ ಈ ಹಗ್ಗಜಗ್ಗಾಟದಲ್ಲಿ ಮೇಲುಗೈ ಪಡೆದವರು ಪ್ರಧಾನಿ. ಕಾಮರಾಜರು ರಾಧಾಕೃಷ್ಣನ್ ಅವರಿಗೆ ಎರಡನೆಯ ಅವಧಿಯನ್ನು ಬಯಸಿದ್ದರೂ ಇಂದಿರಾ ಗಾಂಧಿಯವರ ಆಯ್ಕೆಯಾದ ಜಾಕಿರ್ ಹುಸೇನ್ ಅಭ್ಯರ್ಥಿಯಾಗಿ ಗೆದ್ದರು.

ಜಾಕಿರ್ ಹುಸೇನರು 1969ರ ಮೇ 3ರಂದು ಅಧಿಕಾರದಲ್ಲಿರುವಾಗಲೇ ನಿಧನರಾದರು. ಉಪರಾಷ್ಟ್ರಪತಿ ವಿ. ವಿ. ಗಿರಿ ಹಂಗಾಮಿ ರಾಷ್ಟ್ರಪತಿಯಾದರು. ಇವರು 1965ರಿಂದ 1967ರವರೆಗೆ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದವರು. 1967ರ ಮಹಾಚುನಾವಣೆಯಲ್ಲಿ ಲೋಕಸಭೆಯ 520 ಸ್ಥಾನಗಳ ಪೈಕಿ ಕಾಂಗ್ರೆಸ್ಸಿಗೆ ದೊರೆತದ್ದು 283 ಮಾತ್ರ. ಮುಂದಿನ ಲೋಕಸಭೆಯಲ್ಲಿ ಯಾವ ಪಕ್ಷಕ್ಕೂ ಬಹುಮತ ಬಾರದೆ ಹೋದರೆ ಸರ್ಕಾರ ರಚನೆಗೆ ಯಾರನ್ನು ಕರೆಯಬೇಕೆಂಬುದು ರಾಷ್ಟ್ರಪತಿಯ ವಿವೇಚನೆಗೆ ಬೀಳುವ ಸಂಭವವಿತ್ತು. ಆದ್ದರಿಂದಲೇ ಅಲಂಕಾರಿಕವೆಂದು ಭಾವಿಸಲಾಗಿದ್ದ ಹುದ್ದೆಯು ಎರಡೂ ಬಣಗಳಿಗೆ ನಿರ್ಣಾಯಕವಾಗಿ ಕಂಡಿತು.

ಬೆಂಗಳೂರಿನ ನಿರ್ಧಾರ

ಆಗ ಕಾಂಗ್ರೆಸ್ಸಿನ ಅಧ್ಯಕ್ಷರಾಗಿದ್ದವರು ಎಸ್. ನಿಜಲಿಂಗಪ್ಪ. ಏಕೀಕೃತ ಮೈಸೂರು ರಾಜ್ಯದ ಪ್ರಥಮ ಮುಖ್ಯಮಂತ್ರಿಯಾದ ಅವರು 1968ರ ಮೇ ತಿಂಗಳಲ್ಲಿ ಮುಖ್ಯಮಂತ್ರಿ ಸ್ಥಾನವನ್ನು ವೀರೇಂದ್ರ ಪಾಟೀಲರಿಗೆ ಬಿಟ್ಟುಕೊಟ್ಟಿದ್ದರು. ಅಧಿವೇಶನಕ್ಕೆ ಇಂದಿರಾ ಗಾಂಧಿಯವರು ಆರ್ಥಿಕ ನೀತಿಯ ಕುರಿತ ಟಿಪ್ಪಣಿಯೊಂದನ್ನು ಫಕ್ರುದ್ದೀನ್ ಅಲಿ ಅಹಮದರ ಮೂಲಕ ಕಳುಹಿಸಿದರು. ಆ ವಿಷಯದಲ್ಲಿ ಹೊಂದಾಣಿಕೆ ಸಾಧ್ಯವಾಯಿತು. ಅಭ್ಯರ್ಥಿಯ ಹೆಸರಿನಲ್ಲಿ ಅದು ಸಾಧ್ಯವಾಗಲಿಲ್ಲ.

ಜುಲೈ 12ರಂದು ಸೇರಿದ ಎಂಟು ಸದಸ್ಯರ ಸಂಸದೀಯ ಮಂಡಳಿಯಲ್ಲಿ ಲೋಕಸಭಾಧ್ಯಕ್ಷ ನೀಲಂ ಸಂಜೀವ ರೆಡ್ಡಿಯವರ ಪರವಾಗಿ ಕಾಮರಾಜ್, ಎಸ್. ಕೆ. ಪಾಟೀಲ್, ಮೊರಾರ್ಜಿ ದೇಸಾಯಿ ಮತ್ತು ವೈ. ಬಿ. ಚವಾಣ್ ನಿಂತರು. ಪ್ರಧಾನಿ ಸೂಚಿಸಿದ ಜಗಜೀವನ ರಾಮ್ ಅವರಿಗೆ ದೊರೆತದ್ದು ಎರಡೇ ಮತ: ಒಂದು ಪ್ರಧಾನಿಯವರದು, ಇನ್ನೊಂದು ಫಕ್ರುದ್ದೀನ್ ಅಲಿ ಅಹಮದರದು. ಅಧ್ಯಕ್ಷರಾದ ನಿಜಲಿಂಗಪ್ಪನವರೂ ಸ್ವತಃ ಹೆಸರು ಸೂಚಿತವಾಗಿದ್ದ ಜಗಜೀವನ ರಾಮರೂ ಮತ ಚಲಾಯಿಸಲಿಲ್ಲ. ಪಕ್ಷದ ನಿಯಮಗಳ ದೃಷ್ಟಿಯಿಂದ ಈ ನಿರ್ಣಯದಲ್ಲಿ ಲೋಪವೇನೂ ಇರಲಿಲ್ಲವೆಂಬುದು ಗಮನಾರ್ಹ. ರೆಡ್ಡಿಯವರ ನಾಮಪತ್ರಕ್ಕೆ ಇಂದಿರಾ ಗಾಂಧಿಯವರೇ ಸೂಚಕರಾಗಿ ಸಹಿ ಹಾಕಿದರು.

ಆದರೆ ಮುಂದಿನ ಬೆಳವಣಿಗೆಗಳು ತ್ವರಿತವಾಗಿದ್ದವು. ಬೆಂಗಳೂರು ನಿರ್ಣಯದ ಬೆನ್ನಲ್ಲೇ ಗಿರಿಯವರು ಸ್ವತಂತ್ರ ಅಭ್ಯರ್ಥಿಯಾಗಿ ಸ್ಪರ್ಧಿಸುವುದಾಗಿ ಸಾರಿದರು. ಜುಲೈ 16ರಂದು ಮೊರಾರ್ಜಿ ದೇಸಾಯಿಯವರಿಂದ ಹಣಕಾಸು ಖಾತೆಯನ್ನು ಹಿಂತೆಗೆದುಕೊಳ್ಳಲಾಯಿತು. ಜುಲೈ 19ರಂದು 14 ಬ್ಯಾಂಕುಗಳ ರಾಷ್ಟ್ರೀಕರಣದ ಸುಗ್ರೀವಾಜ್ಞೆ ಹೊರಟಿತು. ಕನ್ನಡ ಕರಾವಳಿಯಲ್ಲಿ ಹುಟ್ಟಿ ಬೆಳೆದ ಕೆನರಾ ಬ್ಯಾಂಕ್ ಮತ್ತು ಸಿಂಡಿಕೇಟ್ ಬ್ಯಾಂಕುಗಳೂ ಅವುಗಳಲ್ಲಿ ಸೇರಿದ್ದವು. ಸುಗ್ರೀವಾಜ್ಞೆಗೆ ಅಂಕಿತ ಹಾಕಿದ ಗಿರಿಯವರು ಮರುದಿನವೇ ರಾಜೀನಾಮೆ ನೀಡಿದರು. ಮುಖ್ಯ ನ್ಯಾಯಮೂರ್ತಿ ಎಂ. ಹಿದಾಯತುಲ್ಲಾ ಹಂಗಾಮಿ ರಾಷ್ಟ್ರಪತಿಯಾದರು. ಮಂಡಳಿಯೊಳಗಿನ ನಾಲ್ಕು–ಎರಡರ ಸೋಲನ್ನು ಪ್ರಧಾನಿಯವರು ಒಂದೇ ವಾರದಲ್ಲಿ ಮಂಡಳಿಯ ಹೊರಗಿನ ಜನಾಭಿಪ್ರಾಯದ ಪ್ರಶ್ನೆಯನ್ನಾಗಿ ಮಾರ್ಪಡಿಸಿದ್ದರು.

ಶಿಸ್ತು ಮತ್ತು ಆತ್ಮಸಾಕ್ಷಿ

ಅಧಿಕೃತ ಅಭ್ಯರ್ಥಿಯನ್ನು ಗೆಲ್ಲಿಸುವ ಹೊಣೆ ಪಕ್ಷದ ಅಧ್ಯಕ್ಷರದು. ಆ ಹೊಣೆಯನ್ನು ನಿರ್ವಹಿಸುವ ಸಲುವಾಗಿ ನಿಜಲಿಂಗಪ್ಪನವರು ಜನಸಂಘ ಮತ್ತು ಸ್ವತಂತ್ರ ಪಕ್ಷಗಳ ನಾಯಕರನ್ನು ಕಂಡು, ಆ ಪಕ್ಷಗಳ ಬೆಂಬಲ ಪಡೆದಿದ್ದ ಸಿ. ಡಿ. ದೇಶಮುಖರ ಮತದಾರರ ಎರಡನೆಯ ಪ್ರಾಶಸ್ತ್ಯವನ್ನು ಕೋರಿದರು. ಇದು ಪ್ರಧಾನಿಯ ಬಣಕ್ಕೆ ಅಸ್ತ್ರವಾಯಿತು. ಜಗಜೀವನ ರಾಮ್ ಮತ್ತು ಫಕ್ರುದ್ದೀನ್ ಅಲಿ ಅಹಮದರು ಅಧ್ಯಕ್ಷರಿಂದ ವಿವರಣೆ ಕೇಳಿದರು. ಇಂದಿರಾ ಗಾಂಧಿಯವರು ಸಚೇತಕಾಜ್ಞೆ ಹೊರಡಿಸಲು ಒಪ್ಪದೆ, ಸದಸ್ಯರು ಆತ್ಮಸಾಕ್ಷಿಗೆ ಅನುಗುಣವಾಗಿ ಮತ ನೀಡುವ ವಾದವನ್ನು ಎತ್ತಿಹಿಡಿದರು.

ಎರಡೂ ನಿಲುವುಗಳಿಗೆ ಆಧಾರವಿತ್ತು. ಪಕ್ಷ ವಿಧಿವತ್ತಾಗಿ ಕೈಗೊಂಡ ನಿರ್ಣಯಕ್ಕೆ ಅದರಲ್ಲಿ ಪಾಲ್ಗೊಂಡವರು ಬದ್ಧರಾಗಿರಬೇಕೆಂಬುದು ಅಧ್ಯಕ್ಷರ ವಾದ. ಸಂವಿಧಾನವೇ ರಹಸ್ಯ ಮತದಾನವನ್ನು ವಿಧಿಸಿರುವಾಗ ಮತದಾರನನ್ನು ಕಟ್ಟಿಹಾಕಲಾಗದೆಂಬುದು ಎದುರುವಾದ. ಸ್ವತಃ ನಾಮಪತ್ರಕ್ಕೆ ಸಹಿ ಹಾಕಿದವರು ಎರಡನೆಯ ವಾದವನ್ನು ಮುಂದಿಟ್ಟದ್ದು ಅದರ ನೈತಿಕ ಬಲವನ್ನು ಕುಗ್ಗಿಸಿತಾದರೂ ಸಾಂವಿಧಾನಿಕ ಬಲವನ್ನು ಕುಗ್ಗಿಸಲಿಲ್ಲ.

ಮತಗಣಿತ

ಆಗಸ್ಟ್ 16ರಂದು ಮತದಾನವೂ 20ರಂದು ಎಣಿಕೆಯೂ ನಡೆದವು. ಮೊದಲ ಪ್ರಾಶಸ್ತ್ಯದಲ್ಲಿ ಗಿರಿಯವರಿಗೆ 4,01,515, ರೆಡ್ಡಿಯವರಿಗೆ 3,13,548, ದೇಶಮುಖರಿಗೆ 1,12,769 ಮತಮೌಲ್ಯ ದೊರೆಯಿತು. ಗೆಲುವಿಗೆ ಬೇಕಾಗಿದ್ದ 4,18,169 ಯಾರಿಗೂ ದಕ್ಕಲಿಲ್ಲ. ವರ್ಗಾವಣೆಯ ನಂತರ ಗಿರಿಯವರು 4,20,077, ರೆಡ್ಡಿಯವರು 4,05,427 ಪಡೆದರು. ಅಂದರೆ ವರ್ಗಾವಣೆಯಿಂದ ರೆಡ್ಡಿಯವರಿಗೆ ಕೂಡಿದ್ದು 91,879. ಗಿರಿಯವರಿಗೆ 18,562 ಮಾತ್ರ. ನಿಜಲಿಂಗಪ್ಪನವರ ಎರಡನೆಯ ಪ್ರಾಶಸ್ತ್ಯದ ಲೆಕ್ಕಾಚಾರ ವಿಫಲವಾಗಲಿಲ್ಲವೆಂಬುದನ್ನು ಈ ಅಂಕಿಗಳು ತೋರಿಸುತ್ತವೆ. ರೆಡ್ಡಿಯವರು ಸೋತದ್ದು ಸ್ವಪಕ್ಷದವರ ಮೊದಲ ಪ್ರಾಶಸ್ತ್ಯದಲ್ಲಿ.

ಅಂತರ 14,650. ಆ ಚುನಾವಣೆಯಲ್ಲಿ ಸಂಸದರೊಬ್ಬರ ಮತದ ಮೌಲ್ಯ 576 ಆಗಿದ್ದುದರಿಂದ ಹದಿಮೂರು ಸಂಸದರು ಗಿರಿಯವರಿಂದ ರೆಡ್ಡಿಯವರ ಕಡೆಗೆ ಸರಿದಿದ್ದರೂ ಫಲಿತಾಂಶ ತಿರುವುಮುರುವಾಗುತ್ತಿತ್ತು. ಮೈಸೂರು ರಾಜ್ಯದ 216 ಶಾಸಕರ ಮತಮೌಲ್ಯ, 1961ರ ಜನಗಣತಿಯ ಆಧಾರದಲ್ಲಿ, ತಲಾ 109. ಮುಂದೆ ಕಾಳೀ ಜಲವಿದ್ಯುತ್ ಯೋಜನೆಯಿಂದಾಗಿ ಅಂಬಿಕಾನಗರ ತಲೆಯೆತ್ತಿದ ಹಳಿಯಾಳ ಸೀಮೆಯ ಶಾಸಕರಿಗೂ ರಾಜಧಾನಿಯ ಶಾಸಕರಿಗೂ ಅದೇ ತೂಕ. ಉತ್ತರ ಕನ್ನಡದ ಉದಾಹರಣೆ ಇಲ್ಲಿ ಬೋಧಪ್ರದವಾಗಿದೆ. ಕೆನರಾ ಲೋಕಸಭಾ ಕ್ಷೇತ್ರದ ಅಂದಿನ ಸದಸ್ಯ, ಚುಟುಕು ಕವಿ ದಿನಕರ ದೇಸಾಯಿಯವರು 1967ರಲ್ಲಿ ಪಕ್ಷೇತರರಾಗಿ ಗೆದ್ದವರು. ಯಾವ ವರಿಷ್ಠರ ನಿರ್ಣಯವೂ ಅವರನ್ನು ಕಟ್ಟುವಂತಿರಲಿಲ್ಲ. ಅದೇ ಜಿಲ್ಲೆಯ ಸಿದ್ದಾಪುರ ತಾಲ್ಲೂಕಿನ ರಾಮಕೃಷ್ಣ ಹೆಗಡೆಯವರು ವೀರೇಂದ್ರ ಪಾಟೀಲರ ಸಂಪುಟದಲ್ಲಿದ್ದು, ಒಡಕಿನ ನಂತರವೂ ನಿಜಲಿಂಗಪ್ಪನವರ ಪಕ್ಷದಲ್ಲಿಯೇ ಉಳಿದರು. ಒಂದೇ ಜಿಲ್ಲೆಯ ಈ ಇಬ್ಬರು ಮತದಾರರಲ್ಲಿ ಪಕ್ಷನಿಷ್ಠೆಯ ಎರಡು ತುದಿಗಳನ್ನು ಕಾಣಬಹುದು.

ಪರಿಣಾಮಗಳು

1969ರ ನವೆಂಬರ್ 12ರಂದು ಪ್ರಧಾನಿಯನ್ನೇ ಪಕ್ಷದಿಂದ ಉಚ್ಚಾಟಿಸಲಾಯಿತು, ಕಾಂಗ್ರೆಸ್ ಇಬ್ಭಾಗವಾಯಿತು. ಮೈಸೂರು ಸರ್ಕಾರ ನಿಜಲಿಂಗಪ್ಪನವರ ಜೊತೆಗೆ ನಿಂತರೂ 1971ರ ಲೋಕಸಭಾ ಚುನಾವಣೆಯಲ್ಲಿ ರಾಜ್ಯದ 27 ಸ್ಥಾನಗಳೂ ಇಂದಿರಾ ಕಾಂಗ್ರೆಸ್ಸಿನ ಪಾಲಾದವು. 1972ರಲ್ಲಿ ದೇವರಾಜ ಅರಸು ಮುಖ್ಯಮಂತ್ರಿಯಾದರು. ಗಿರಿಯವರ ಆಯ್ಕೆಯನ್ನು ಪ್ರಶ್ನಿಸಿದ ತಕರಾರು ಅರ್ಜಿಯನ್ನು ಸರ್ವೋಚ್ಚ ನ್ಯಾಯಾಲಯ 1970ರಲ್ಲಿ ತಳ್ಳಿಹಾಕಿತು. 1974ರ ತಿದ್ದುಪಡಿ ಕಾಯಿದೆಯು ನಾಮಪತ್ರಕ್ಕೆ ಹತ್ತು ಸೂಚಕರನ್ನೂ ಹತ್ತು ಅನುಮೋದಕರನ್ನೂ ಕಡ್ಡಾಯಗೊಳಿಸಿತು. 1997ರಲ್ಲಿ ಈ ಸಂಖ್ಯೆ ತಲಾ ಐವತ್ತಕ್ಕೇರಿತು. ಹಗುರ ಸ್ಪರ್ಧೆಯನ್ನು ತಡೆಯುವ ಈ ಕ್ರಮದಿಂದ ದೊಡ್ಡ ಪಕ್ಷಗಳ ಆಸರೆಯಿಲ್ಲದ ಅಭ್ಯರ್ಥಿಗೆ ದಾರಿ ಇನ್ನಷ್ಟು ಕಿರಿದಾಯಿತು.

ಬೆಂಗಳೂರಿನ ಪ್ರಸಂಗದಿಂದ ವರಿಷ್ಠರ ಅಧಿಕಾರ ಕೊನೆಗೊಂಡಿತೆಂದು ಭಾವಿಸುವುದು ಸರಿಯಾಗಲಾರದು. ಆ ಅಧಿಕಾರ ಮಂಡಳಿಯಿಂದ ಪ್ರಧಾನಿಯ ನಿವಾಸಕ್ಕೆ ಸ್ಥಳಾಂತರಗೊಂಡಿತು. ಬೆಂಗಳೂರಿನಲ್ಲಿ ಪ್ರಧಾನಿಯ ಪರ ನಿಂತ ಏಕೈಕ ಸಹಸದಸ್ಯರಾದ ಫಕ್ರುದ್ದೀನ್ ಅಲಿ ಅಹಮದರು 1974ರಲ್ಲಿ ರಾಷ್ಟ್ರಪತಿಯಾದರು. 1975ರ ಜೂನ್ 25ರ ರಾತ್ರಿ, ಸಂಪುಟದ ಒಪ್ಪಿಗೆಗೂ ಮೊದಲೇ, ತುರ್ತುಪರಿಸ್ಥಿತಿಯ ಘೋಷಣೆಗೆ ಸಹಿ ಹಾಕಿದವರು ಅವರೇ. 1977ರ ಫೆಬ್ರವರಿಯಲ್ಲಿ ಅವರು ನಿಧನರಾದಾಗ ಕನ್ನಡಿಗರಾದ ಬಿ. ಡಿ. ಜತ್ತಿಯವರು ಹಂಗಾಮಿ ರಾಷ್ಟ್ರಪತಿಯಾದರು. ಅದೇ ವರ್ಷದ ಜುಲೈನಲ್ಲಿ ಸಂಜೀವ ರೆಡ್ಡಿಯವರು ಅವಿರೋಧವಾಗಿ ಆಯ್ಕೆಯಾದರು.

ಒಟ್ಟಾರೆಯಾಗಿ ಹೇಳುವುದಾದರೆ, ಬೆಂಗಳೂರಿನ ಮಂಡಳಿಯಲ್ಲಿ ಪ್ರಧಾನಿ ಸೋಲುವುದಕ್ಕೆ ಅವಕಾಶವಿತ್ತು. ಭಿನ್ನಮತವು ಮತದ ರೂಪದಲ್ಲಿ ದಾಖಲಾಗುತ್ತಿತ್ತು. ಆತ್ಮಸಾಕ್ಷಿಯ ಹೆಸರಿನಲ್ಲಿ ಆ ಮಂಡಳಿಯನ್ನು ಮೀರಿದ ನಂತರ ಆಡಳಿತ ಪಕ್ಷದೊಳಗೆ ಅಂಥ ಸೋಲಿಗೆ ಎಡೆಯೇ ಉಳಿಯಲಿಲ್ಲ. ರಾಷ್ಟ್ರಪತಿ ಹುದ್ದೆಯ ಸ್ವಾತಂತ್ರ್ಯವನ್ನು ಕುರಿತ ಅಧ್ಯಯನಗಳು ಚುನಾವಣೆಯ ದಿನದಿಂದಲ್ಲ, ಅಭ್ಯರ್ಥಿಯ ಹೆಸರು ನಿರ್ಧಾರವಾಗುವ ಕೊಠಡಿಯಿಂದಲೇ ಆರಂಭವಾಗಬೇಕಾದುದು ಈ ಕಾರಣದಿಂದ ಅಗತ್ಯವಾಗಿದೆ.