ಮೀಸೆ ಮುರಿದ ಉದ್ದಮೀಸೆ ದುಂಬಿಯ ಗುರುತು: ಉಮರ್ಗಾ, ನಿಲಂಗಾ, ಉದಗೀರ ಸೀಮೆಯ ಮಾದರಿಗಳನ್ನು ಕುರಿತು

ಉಮರ್ಗಾ, ನಿಲಂಗಾ, ಉದಗೀರ ತಾಲ್ಲೂಕುಗಳ ಎರೆಭೂಮಿಯಲ್ಲಿ ಮುಂಗಾರಿನ ಮುಖ್ಯ ಬೆಳೆ ಸೋಯಾ. ಗಡಿಯ ಈಚೆ ಭಾಲ್ಕಿ, ಔರಾದಗಳಲ್ಲೂ ಅದೇ ಬೆಳೆ, ಅದೇ ಕೀಟ. ಮರಾಠಿ ರೈತರು ಚಕ್ರಿ ಭುಂಗಾ ಎನ್ನುವ ಒಬೆರಿಯಾಪ್ಸಿಸ್ ಬ್ರೆವಿಸ್ ಸೆರಾಂಬಿಸಿಡೇ ಕುಟುಂಬಕ್ಕೆ ಸೇರಿದ್ದು. ಉದ್ದಮೀಸೆ ಈ ಕುಟುಂಬದ ಹೆಗ್ಗುರುತು. ಒಣಗಿದ ಮಾದರಿಯಲ್ಲಿ ಸುಲಭವಾಗಿ ಮುರಿಯುವುದೂ ಮೀಸೆಯೇ. ಆದರೂ ಅಂಥ ಮಾದರಿಯನ್ನು ಕೈಬಿಡಬೇಕಿಲ್ಲ.

ಈ ಕುಟುಂಬದ ದುಂಬಿಗಳ ಪಾದದ ಐದು ಗೆಣ್ಣುಗಳಲ್ಲಿ ನಾಲ್ಕನೆಯದು ಮೂರನೆಯದರ ಹೋಳುಗಳ ನಡುವೆ ಹುದುಗಿರುವುದರಿಂದ ನಾಲ್ಕೇ ಕಾಣುತ್ತವೆ. ಎಲೆ ತಿನ್ನುವ ಕ್ರೈಸೊಮೆಲಿಡೇ ದುಂಬಿಗಳ ಪಾದವೂ ಹೀಗೇ ಇರುವುದರಿಂದ ಇದೊಂದನ್ನೇ ನಂಬುವಂತಿಲ್ಲ. ಮೀಸೆಯ ಬುಡ ಉಳಿದಿರುತ್ತದೆ. ಕಣ್ಣು ಒಳಬಾಗಿ ಅದನ್ನು ಬಳಸಿಕೊಂಡಿದೆಯೇ ನೋಡಬೇಕು. ಮುಖ ನೆಟ್ಟಗೆ ಕೆಳಗಿಳಿದು, ಬಾಯಂಚಿನ ಕಿರುಮೀಸೆಯ ತುದಿಗೆಣ್ಣು ಚೂಪಾಗಿ, ಮುಂಗಾಲ ಜಂಘೆಯ ಒಳಬದಿಯಲ್ಲಿ ಓರೆಯಾದ ತೋಡಿದ್ದರೆ ಅದು ಲೇಮಿನೇ ಉಪಕುಟುಂಬ. ಇವೆಲ್ಲ ಭೂತಗನ್ನಡಿಯಲ್ಲಿ ಕಾಣುವ ಗುರುತುಗಳು.

ತೊಡಕು ಆಕರದಲ್ಲೂ ಇದೆ. ಸಿ. ಜೆ. ಗಾಹನ್ 1906ರಲ್ಲಿ ‘ಫಾನಾ ಆಫ್ ಬ್ರಿಟಿಷ್ ಇಂಡಿಯಾ’ ಮಾಲೆಗೆ ಬರೆದ ಸಂಪುಟವನ್ನು ನಮ್ಮ ವಿದ್ಯಾರ್ಥಿಗಳು ಇಂದಿಗೂ ಮೊದಲು ತೆರೆಯುತ್ತಾರೆ. ಅದರಲ್ಲಿ ಲೇಮಿನೇ ಇಲ್ಲ. ಚಕ್ರಿ ಭುಂಗಾ, ಮಾವಿನ ಕಾಂಡ ಕೊರೆಯುವ ಬ್ಯಾಟೊಸೆರಾ ರೂಫೊಮ್ಯಾಕುಲೇಟಾ, ಜಾಲಿಯ ಬೇರು ಕೊರೆಯುವ ಸೆಲೊಸ್ಟರ್ನಾ ಸ್ಕ್ಯಾಬ್ರೇಟರ್ ಮೂರೂ ಲೇಮಿನೇಗಳೇ. ಒಣಮರ ಕೊರೆಯುವ ಸ್ಟ್ರೊಮೇಷಿಯಂ ಬಾರ್ಬೇಟಂ ಬೇರೆ ಉಪಕುಟುಂಬದ್ದು. ಉಪಕುಟುಂಬ ತಿಳಿಯದೆ ಆ ಸಂಪುಟದ ಕೀಲಿಪಟ್ಟಿ ಹಿಡಿದವರು ತಪ್ಪು ಹೆಸರಿಗೇ ಬಂದು ನಿಲ್ಲುತ್ತಾರೆ.

ದೇಹ ಹೇಳದ್ದನ್ನು ಗಿಡ ಹೇಳುತ್ತದೆ. ಚಕ್ರಿ ಭುಂಗಾದ ಹೆಣ್ಣು ಸೋಯಾದ ಕಾಂಡಕ್ಕೋ ಎಲೆತೊಟ್ಟಿಗೋ ಎರಡು ಉಂಗುರ ಕೊರೆದು ನಡುವೆ ಮೊಟ್ಟೆಯಿಡುತ್ತದೆ. ಮೇಲಿನ ಭಾಗ ಬಾಡುತ್ತದೆ. ಆ ತುಂಡನ್ನು ಮಾದರಿಯೊಂದಿಗೇ ಒಣಗಿಸಿಟ್ಟರೆ ಅದಕ್ಕಿಂತ ಗಟ್ಟಿಯಾದ ಪೂರಕ ಸಾಕ್ಷ್ಯ ಸಿಗುವುದು ಕಷ್ಟ. ಬ್ಯಾಟೊಸೆರಾದಲ್ಲಾದರೋ ದೇಹದಲ್ಲೇ ಗುರುತುಗಳಿವೆ: ಎದೆಯ ಮೇಲಿನ ಎರಡು ಕೆಂಚುಮಚ್ಚೆಗಳು ಮಾಸಿದರೂ ಅವುಗಳ ಆಕಾರ, ಎದೆಯ ಪಕ್ಕದ ಮುಳ್ಳು, ಮೇಲ್ರೆಕ್ಕೆಯ ಬುಡದ ಗುಬುಟುಗಳು ಉಳಿದಿರುತ್ತವೆ.

ಒಣ ಮಾದರಿಯನ್ನು ತೇವದ ಡಬ್ಬಿಯಲ್ಲಿಟ್ಟು ಮೆದುವಾದ ಮೇಲೆಯೇ ಕಾಲು ಬಿಡಿಸಬೇಕು. ಕಳಚಿದ ಮೀಸೆಯನ್ನು ಅದೇ ಸೂಜಿಯ ಕಾರ್ಡಿಗೆ ಅಂಟಿಸಬೇಕು. ಬೇರೊಂದು ದುಂಬಿಯ ಮೀಸೆ ಜೋಡಿಸಿ ಅಂದಗೊಳಿಸುವುದನ್ನು ನಾನು ಒಪ್ಪಲಾರೆ. ಅದು ಮುಂದಿನ ಸಂಶೋಧಕನ ದಾರಿ ತಪ್ಪಿಸುತ್ತದೆ. ಪ್ರಭೇದ ಖಚಿತವಾಗದಿದ್ದರೆ ಒಬೆರಿಯಾಪ್ಸಿಸ್ ಎಂದಷ್ಟೇ ಬರೆದು, ಊರು, ದಿನಾಂಕ, ಆಶ್ರಯ ಗಿಡ, ಮುರಿದ ಅಂಗ ಯಾವುದೆಂಬುದನ್ನು ಚೀಟಿಯಲ್ಲಿ ದಾಖಲಿಸಬೇಕು.