ಅಪರಾಧ ತನಿಖೆಯಲ್ಲಿ ಬೆರಳಚ್ಚು

ಬೆರಳಚ್ಚು ಎಂಬುದು ಬೆರಳ ತುದಿಯ ಚರ್ಮದಲ್ಲಿರುವ ಏಣುಗೆರೆಗಳು ಮುಟ್ಟಿದ ವಸ್ತುವಿನ ಮೇಲೆ ಉಳಿಸುವ ಗುರುತು. ಇದಕ್ಕೆ ಬೆರಳುಮುದ್ರೆ ಎಂಬ ಹೆಸರೂ ಉಂಟು. ರಕ್ತದ ಕಲೆ, ಕೂದಲು, ಬಟ್ಟೆಯ ಎಳೆ, ಗಾಜಿನ ಚೂರು, ಪಾದರಕ್ಷೆಯ ಗುರುತು ಮೊದಲಾದವುಗಳಂತೆ ಬೆರಳಚ್ಚು ಕೂಡ ವಿಧಿವಿಜ್ಞಾನದಲ್ಲಿ ಭೌತಿಕ ಸಾಕ್ಷ್ಯವೆನಿಸುತ್ತದೆ. ಎರಡು ವಸ್ತುಗಳು ಪರಸ್ಪರ ತಾಗಿದಾಗ ಒಂದರ ಕುರುಹು ಇನ್ನೊಂದರಲ್ಲಿ ಉಳಿಯುತ್ತದೆ ಎಂಬುದು ಭೌತಿಕ ಸಾಕ್ಷ್ಯದ ಮೂಲತತ್ತ್ವ. ಇದನ್ನು ಪ್ರತಿಪಾದಿಸಿದವನು 1910ರಲ್ಲಿ ಫ್ರಾನ್ಸಿನ ಲಿಯಾನ್ ನಗರದಲ್ಲಿ ಪೊಲೀಸ್ ಪ್ರಯೋಗಾಲಯವನ್ನು ಆರಂಭಿಸಿದ ಎಡ್ಮಂಡ್ ಲೊಕಾರ್ಡ್. ಬೆರಳಚ್ಚನ್ನು ಅಪರಾಧ ದಾಖಲೆಗೆ ಬಳಸುವ ವ್ಯವಸ್ಥೆ ಬೆಳೆದುಬಂದುದರಲ್ಲಿ ಭಾರತದ ಪಾತ್ರ ದೊಡ್ಡದು.

ಸ್ವರೂಪ

ಮಗು ತಾಯಿಯ ಗರ್ಭದಲ್ಲಿರುವಾಗಲೇ ಏಣುಗೆರೆಗಳು ಮೂಡಿ, ಸುಮಾರು ಆರನೆಯ ತಿಂಗಳ ಹೊತ್ತಿಗೆ ಅವುಗಳ ವಿನ್ಯಾಸ ಸ್ಥಿರಗೊಳ್ಳುತ್ತದೆ. ದೇಹ ಬೆಳೆದಂತೆ ಗೆರೆಗಳು ದೊಡ್ಡದಾಗುತ್ತವೆಯೇ ಹೊರತು ಅವುಗಳ ಕ್ರಮ ಬದಲಾಗುವುದಿಲ್ಲ. ಮೇಲ್ಪದರದ ಗಾಯ ಮಾಯ್ದ ಮೇಲೆ ಮೊದಲಿನ ವಿನ್ಯಾಸವೇ ಮರಳುತ್ತದೆ. ಒಳಪದರದವರೆಗೆ ಇಳಿದ ಗಾಯ ಮಾತ್ರ ಶಾಶ್ವತ ಕಲೆಯನ್ನು ಉಳಿಸುತ್ತದೆ. ಗರ್ಭದೊಳಗಿನ ಸೂಕ್ಷ್ಮ ಸನ್ನಿವೇಶಗಳೂ ಗೆರೆಗಳ ಮೇಲೆ ಪ್ರಭಾವ ಬೀರುವುದರಿಂದ ಏಕರೂಪಿ ಅವಳಿಗಳ ಬೆರಳಚ್ಚುಗಳು ಕೂಡ ಒಂದೇ ಆಗಿರುವುದಿಲ್ಲ.

ವಿನ್ಯಾಸಗಳಲ್ಲಿ ಮೂರು ಮುಖ್ಯ ಬಗೆಗಳಿವೆ: ಕಮಾನು, ಕುಣಿಕೆ ಮತ್ತು ಸುರುಳಿ. ಸಾಮುದ್ರಿಕದಲ್ಲಿ ಬೆರಳ ತುದಿಯ 'ಚಕ್ರ' ಎಂದು ಗುರುತಿಸುವುದು ಬಹುಮಟ್ಟಿಗೆ ಈ ಸುರುಳಿಯನ್ನೇ. ಕುಣಿಕೆ ಎಲ್ಲಕ್ಕಿಂತ ಸಾಮಾನ್ಯವಾದುದು, ಕಮಾನು ವಿರಳ. ಆದರೆ ವ್ಯಕ್ತಿಯನ್ನು ಗುರುತಿಸಲು ಈ ಬಗೆ ಮಾತ್ರ ಸಾಲದು. ಗೆರೆ ಎಲ್ಲಿ ಮುಗಿಯುತ್ತದೆ, ಎಲ್ಲಿ ಕವಲೊಡೆಯುತ್ತದೆ, ಈ ಬಿಂದುಗಳು ಒಂದಕ್ಕೊಂದು ಯಾವ ಸ್ಥಾನದಲ್ಲಿವೆ ಎಂಬ ಸೂಕ್ಷ್ಮ ಲಕ್ಷಣಗಳ ಹೋಲಿಕೆಯೇ ನಿರ್ಣಾಯಕ.

ಇತಿಹಾಸ

1858ರಲ್ಲಿ ಬಂಗಾಳದ ಜಂಗೀಪುರದಲ್ಲಿ ಅಧಿಕಾರಿಯಾಗಿದ್ದ ವಿಲಿಯಂ ಹರ್ಷೆಲ್, ರಸ್ತೆ ಸಾಮಗ್ರಿ ಪೂರೈಸುವ ಗುತ್ತಿಗೆದಾರ ರಾಜ್ಯಧರ ಕೊನಾಯಿ ಎಂಬಾತನಿಂದ ಕರಾರು ಪತ್ರದ ಮೇಲೆ ಅಂಗೈಯ ಅಚ್ಚನ್ನು ಪಡೆದನು. ಗುತ್ತಿಗೆದಾರನು ಮುಂದೆ ಸಹಿಯನ್ನು ಅಲ್ಲಗಳೆಯದಿರಲಿ ಎಂಬುದಷ್ಟೇ ಆಗಿನ ಉದ್ದೇಶ. 1877ರಲ್ಲಿ ಹೂಗ್ಲಿಯಲ್ಲಿದ್ದಾಗ ಅವನು ಪಿಂಚಣಿ ಪಾವತಿಗೂ ಪತ್ರಗಳ ನೋಂದಣಿಗೂ ಬೆರಳಚ್ಚನ್ನು ಬಳಕೆಗೆ ತಂದನು. ಜಪಾನಿನಲ್ಲಿದ್ದ ಸ್ಕಾಟ್ಲೆಂಡಿನ ವೈದ್ಯ ಹೆನ್ರಿ ಫಾಲ್ಡ್ಸ್, ಅಪರಾಧ ಸ್ಥಳದ ಬೆರಳಚ್ಚಿನಿಂದ ಅಪರಾಧಿಯನ್ನು ಪತ್ತೆಹಚ್ಚಬಹುದೆಂದು 1880ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬರೆದನು. ಫ್ರಾನ್ಸಿಸ್ ಗಾಲ್ಟನ್ 1892ರಲ್ಲಿ ಈ ವಿಷಯದ ಗ್ರಂಥವನ್ನು ಪ್ರಕಟಿಸಿದನು. ಅದೇ ವರ್ಷ ಅರ್ಜೆಂಟೀನಾದಲ್ಲಿ ಇಬ್ಬರು ಮಕ್ಕಳ ಕೊಲೆ ನಡೆಯಿತು. ತಾಯಿ ನೆರೆಯವನ ಮೇಲೆ ಆರೋಪ ಹೊರಿಸಿದ್ದಳು. ಬಾಗಿಲ ಮೇಲಿದ್ದ ರಕ್ತದ ಹೆಬ್ಬೆರಳಚ್ಚು ಅವಳದೇ ಎಂದು ತಿಳಿದಾಗ ಅವಳು ತಪ್ಪೊಪ್ಪಿಕೊಂಡಳು. ಬೆರಳಚ್ಚಿನಿಂದ ಬಗೆಹರಿದ ಮೊದಲ ಕೊಲೆ ಪ್ರಕರಣವೆಂದು ಇದನ್ನು ಸಾಮಾನ್ಯವಾಗಿ ಹೆಸರಿಸಲಾಗುತ್ತದೆ.

ಕಲ್ಕತ್ತದ ವರ್ಗೀಕರಣ

ಸಾವಿರಾರು ಬೆರಳಚ್ಚು ಚೀಟಿಗಳ ನಡುವೆ ಬೇಕಾದ ಒಂದನ್ನು ಹುಡುಕುವುದು ಹೇಗೆ ಎಂಬುದು ಅಂದಿನ ದೊಡ್ಡ ಸಮಸ್ಯೆಯಾಗಿತ್ತು. ಬಂಗಾಳದ ಪೊಲೀಸ್ ಮುಖ್ಯಸ್ಥ ಎಡ್ವರ್ಡ್ ಹೆನ್ರಿಯ ಕೈಕೆಳಗೆ ಕೆಲಸ ಮಾಡುತ್ತಿದ್ದ ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್ ಇದಕ್ಕೆ ಗಣಿತದ ಪರಿಹಾರವನ್ನು ರೂಪಿಸಿದರು.

ಬಲ ಹೆಬ್ಬೆರಳಿನಿಂದ ಎಡ ಕಿರುಬೆರಳಿನವರೆಗೆ ಬೆರಳುಗಳಿಗೆ 1ರಿಂದ 10ರ ಕ್ರಮಸಂಖ್ಯೆ ಕೊಟ್ಟು, ಅವನ್ನು ಐದು ಜೋಡಿಗಳಾಗಿಸಿ, ಜೋಡಿಗಳಿಗೆ ಕ್ರಮವಾಗಿ 16, 8, 4, 2, 1 ಎಂಬ ಬೆಲೆಯನ್ನು ಗೊತ್ತುಪಡಿಸಲಾಯಿತು. ಸುರುಳಿ ಇರುವ ಬೆರಳಿಗೆ ಮಾತ್ರ ಆ ಬೆಲೆ ಸಲ್ಲುತ್ತದೆ, ಉಳಿದವುಗಳಿಗೆ ಸೊನ್ನೆ. ಸಮಸಂಖ್ಯೆಯ ಬೆರಳುಗಳ ಮೊತ್ತಕ್ಕೆ 1 ಸೇರಿಸಿದರೆ ಅಂಶ, ಬೆಸಸಂಖ್ಯೆಯವುಗಳ ಮೊತ್ತಕ್ಕೆ 1 ಸೇರಿಸಿದರೆ ಛೇದ ದೊರೆಯುತ್ತದೆ. ಉದಾಹರಣೆಗೆ, ಬಲ ಹೆಬ್ಬೆರಳು, ಬಲ ತೋರುಬೆರಳು ಮತ್ತು ಎಡ ಹೆಬ್ಬೆರಳಿನಲ್ಲಿ ಮಾತ್ರ ಸುರುಳಿ ಇದ್ದರೆ ಅಂಶ 16+4+1=21, ಛೇದ 16+1=17; ಚೀಟಿಯ ವರ್ಗ 21/17. ಹೀಗೆ 32×32, ಅಂದರೆ 1,024 ವರ್ಗಗಳು ಏರ್ಪಡುತ್ತವೆ. ಹುಡುಕಬೇಕಾದುದು ಇಡೀ ಕಪಾಟನ್ನಲ್ಲ, ಅದರ ಒಂದು ಗೂಡನ್ನು ಮಾತ್ರ.

ಈ ಪದ್ಧತಿಗೆ 1897ರಲ್ಲಿ ಭಾರತ ಸರ್ಕಾರದ ಒಪ್ಪಿಗೆ ದೊರೆತು ಕಲ್ಕತ್ತದಲ್ಲಿ ಬೆರಳಚ್ಚು ವಿಭಾಗ ಆರಂಭವಾಯಿತು. 1901ರಲ್ಲಿ ಲಂಡನ್ನಿನ ಸ್ಕಾಟ್ಲೆಂಡ್ ಯಾರ್ಡ್ ಇದನ್ನು ಅಳವಡಿಸಿಕೊಂಡಿತು. ಪದ್ಧತಿಗೆ ಉಳಿದ ಹೆಸರು ಹೆನ್ರಿಯದು. ಹಕ್ ಮತ್ತು ಬೋಸ್ ಅವರ ಕೊಡುಗೆಗೆ ತಕ್ಕ ಮನ್ನಣೆ ದೊರೆತುದು ಬಹಳ ತಡವಾಗಿ.

1898ರಲ್ಲಿ ಜಲಪಾಯ್‌ಗುರಿಯ ಚಹಾ ತೋಟದ ವ್ಯವಸ್ಥಾಪಕನ ಕೊಲೆಯಾದಾಗ, ಅಲ್ಲಿ ದೊರೆತ ರಕ್ತದ ಅಚ್ಚು ಹಿಂದೆ ಕಳವಿಗಾಗಿ ಶಿಕ್ಷೆಗೊಳಗಾಗಿದ್ದ ಸೇವಕನೊಬ್ಬನ ಹೆಬ್ಬೆರಳಿಗೆ ಹೊಂದಿತು. ನ್ಯಾಯಾಲಯವು ಕಳವಿನ ಅಪರಾಧವನ್ನು ಎತ್ತಿಹಿಡಿದು, ಕೊಲೆಯ ಆರೋಪದಿಂದ ಅವನನ್ನು ಬಿಡುಗಡೆ ಮಾಡಿತು. ಅವನು ಅಲ್ಲಿದ್ದನೆಂಬುದನ್ನು ಅಚ್ಚು ತಿಳಿಸಿತು. ಕೊಂದವನು ಅವನೇ ಎಂಬುದನ್ನು ತಿಳಿಸಲಿಲ್ಲ.

ಸಂಗ್ರಹಣೆ

ಅಪರಾಧ ಸ್ಥಳದ ಅಚ್ಚುಗಳು ಮೂರು ವಿಧ. ರಕ್ತ, ಮಸಿ ಮುಂತಾದವುಗಳಿಂದ ಆದವು ಕಣ್ಣಿಗೆ ಕಾಣುತ್ತವೆ. ಮೇಣ, ಸಾಬೂನು, ಹಸಿ ಬಣ್ಣದ ಮೇಲೆ ಒತ್ತಿದವು ತಗ್ಗುಗಳಾಗಿ ಉಳಿಯುತ್ತವೆ. ಬೆವರು, ಜಿಡ್ಡುಗಳಿಂದಾದ ಅಗೋಚರ ಅಚ್ಚುಗಳನ್ನು ಕಾಣುವಂತೆ ಮಾಡಬೇಕಾಗುತ್ತದೆ. ಗಾಜು, ನಯವಾದ ಲೋಹಗಳ ಮೇಲೆ ನುಣುಪು ಪುಡಿಯನ್ನು ಕುಂಚದಿಂದ ಸವರಿ, ಅಂಟುಪಟ್ಟಿಯಿಂದ ಅಚ್ಚನ್ನು ಎತ್ತುತ್ತಾರೆ. ಕಾಗದಕ್ಕೆ ನಿನ್‌ಹೈಡ್ರಿನ್ ದ್ರಾವಣ ಹಚ್ಚಿದರೆ ಬೆವರಿನ ಅಮೈನೋ ಆಮ್ಲಗಳೊಡನೆ ವರ್ತಿಸಿ ನೇರಳೆ ಬಣ್ಣದ ಗೆರೆಗಳು ಮೂಡುತ್ತವೆ. ಪ್ಲಾಸ್ಟಿಕ್ಕಿಗೆ ಸಯನೋಅಕ್ರಿಲೇಟ್ ಅಂಟಿನ ಆವಿ ಸೂಕ್ತ. ಯಾವುದೇ ಕ್ರಮಕ್ಕೆ ಮೊದಲು ಛಾಯಾಚಿತ್ರ ತೆಗೆಯುವುದು ಅಗತ್ಯ, ಏಕೆಂದರೆ ಒಮ್ಮೆ ಕೆಟ್ಟ ಅಚ್ಚು ಮರಳಿ ದೊರೆಯದು.

ಸ್ಥಳದಲ್ಲಿ ಸಹಜವಾಗಿ ಓಡಾಡುವ ಮನೆಯವರ ಬೆರಳಚ್ಚುಗಳನ್ನೂ ಪಡೆದು ಹೋಲಿಸಿ ಬದಿಗಿಡಲಾಗುತ್ತದೆ. ವಸ್ತುವನ್ನು ಪಂಚರ ಸಮಕ್ಷಮ ಮಹಜರಿನ ಮೂಲಕ ಜಪ್ತಿ ಮಾಡಿ, ಮೊಹರು ಹಾಕಿ, ಅದು ಯಾರ ಕೈಯಿಂದ ಯಾರ ಕೈಗೆ ಹೋಯಿತೆಂಬುದನ್ನು ದಾಖಲಿಸಬೇಕು. ಈ ಸರಪಳಿ ಎಲ್ಲಿ ಕಡಿದರೂ ಸಾಕ್ಷ್ಯದ ಬಲ ಕುಗ್ಗುತ್ತದೆ.

ಭಾರತದ ಕಾನೂನು

1872ರ ಸಾಕ್ಷ್ಯ ಅಧಿನಿಯಮದ 45ನೆಯ ಕಲಮಿಗೆ 1899ರಲ್ಲಿ ತಿದ್ದುಪಡಿ ತಂದು, ಬೆರಳಚ್ಚಿನ ವಿಷಯದಲ್ಲಿ ತಜ್ಞರ ಅಭಿಪ್ರಾಯಕ್ಕೆ ಮಾನ್ಯತೆ ನೀಡಲಾಯಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ ಇದು 39ನೆಯ ಕಲಮು. ಬೆರಳಚ್ಚು ಕೊಡಿಸುವುದು ಆರೋಪಿಯನ್ನು ಸ್ವತಃ ತನ್ನ ವಿರುದ್ಧ ಸಾಕ್ಷಿಯಾಗುವಂತೆ ಬಲವಂತಪಡಿಸಿದಂತಲ್ಲ ಎಂದು ಸರ್ವೋಚ್ಚ ನ್ಯಾಯಾಲಯವು 1961ರ ಕಾಠಿ ಕಾಲು ಓಘಡ್ ಪ್ರಕರಣದಲ್ಲಿ ತೀರ್ಪಿತ್ತಿದೆ. ಏಳು ವರ್ಷ ಅಥವಾ ಅದಕ್ಕೂ ಹೆಚ್ಚಿನ ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಭೇಟಿ ನೀಡುವುದಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 176ನೆಯ ಕಲಮು ಅವಕಾಶ ಕಲ್ಪಿಸಿದೆ. ರಾಜ್ಯಗಳು ಇದನ್ನು ಹಂತಹಂತವಾಗಿ ಜಾರಿಗೆ ತರಬೇಕು. ರಾಜ್ಯಗಳ ದಾಖಲೆಗಳನ್ನು ಒಂದುಗೂಡಿಸುವ ರಾಷ್ಟ್ರೀಯ ಸ್ವಯಂಚಾಲಿತ ಬೆರಳಚ್ಚು ಗುರುತಿಸುವಿಕೆ ವ್ಯವಸ್ಥೆ 2022ರಲ್ಲಿ ಆರಂಭವಾಯಿತು.

ಮಿತಿಗಳು ಮತ್ತು ದೋಷಗಳು

ಗಣಕಯಂತ್ರವು ಹೋಲುವ ಅಚ್ಚುಗಳ ಪಟ್ಟಿಯನ್ನು ಕೊಡುತ್ತದೆ. ಅಂತಿಮ ಹೋಲಿಕೆ ತಜ್ಞನ ಕಣ್ಣಿಗೇ ಬಿಟ್ಟದ್ದು. ಸ್ಥಳದ ಅಚ್ಚು ಹಲವೊಮ್ಮೆ ಅಪೂರ್ಣವಾಗಿ, ಕಲಸಿಹೋಗಿರುತ್ತದೆ. 2004ರ ಮಾರ್ಚ್ 11ರ ಮ್ಯಾಡ್ರಿಡ್ ರೈಲು ಸ್ಫೋಟಗಳ ತನಿಖೆಯಲ್ಲಿ, ಸಿಡಿಸುವ ಸಾಧನಗಳಿದ್ದ ಪ್ಲಾಸ್ಟಿಕ್ ಚೀಲದ ಮೇಲಿನ ಅಚ್ಚು ಅಮೆರಿಕದ ಆರೆಗನ್ ರಾಜ್ಯದ ವಕೀಲರೊಬ್ಬರದೆಂದು ಎಫ್‌ಬಿಐ ತಜ್ಞರು ನಿರ್ಧರಿಸಿದರು. ಹೊಂದಿಕೆಯಿಲ್ಲವೆಂದು ಸ್ಪೇನಿನ ಪೊಲೀಸರು ತಿಳಿಸಿದ್ದರೂ ಆ ವಕೀಲರನ್ನು ಬಂಧಿಸಲಾಯಿತು. ಸುಮಾರು ಎರಡು ವಾರಗಳ ತರುವಾಯ ಅಚ್ಚು ಅಲ್ಜೀರಿಯದ ಪ್ರಜೆಯೊಬ್ಬನದೆಂದು ಸ್ಪೇನ್ ಗುರುತಿಸಿದಾಗ ಅವರ ಬಿಡುಗಡೆಯಾಯಿತು. ಅಮೆರಿಕ ಸರ್ಕಾರ ಕ್ಷಮೆ ಕೇಳಿ 20 ಲಕ್ಷ ಡಾಲರ್ ಪರಿಹಾರ ನೀಡಿತು.

2006ರಲ್ಲಿ ಇಟಿಯಲ್ ಡ್ರೋರ್ ಮತ್ತು ಸಂಗಡಿಗರು ಐವರು ತಜ್ಞರಿಗೆ, ಅವರೇ ಹಿಂದೆ 'ಹೊಂದುತ್ತವೆ' ಎಂದಿದ್ದ ಅಚ್ಚುಗಳನ್ನು, ಇವು ಮ್ಯಾಡ್ರಿಡ್ ಪ್ರಕರಣದ ತಪ್ಪು ಹೋಲಿಕೆಗಳೆಂದು ಹೇಳಿ ಮತ್ತೆ ತೋರಿಸಿದರು. ನಾಲ್ವರು ತಮ್ಮ ನಿರ್ಣಯವನ್ನು ಬದಲಿಸಿದರು. 2011ರಲ್ಲಿ ಅಮೆರಿಕದ 169 ಪರೀಕ್ಷಕರ ಮೇಲೆ ನಡೆದ ಅಧ್ಯಯನದಲ್ಲಿ ಬೇರೆ ಬೇರೆ ವ್ಯಕ್ತಿಗಳ ಅಚ್ಚುಗಳನ್ನು ಒಂದೇ ಎಂದ ತಪ್ಪು ಶೇ. 0.1ರಷ್ಟು, ಒಬ್ಬನದೇ ಅಚ್ಚುಗಳನ್ನು ಬೇರೆ ಎಂದ ತಪ್ಪು ಶೇ. 7.5ರಷ್ಟು ಕಂಡುಬಂದಿತು. ಆದ್ದರಿಂದ ಪ್ರಕರಣದ ಇತರ ವಿವರಗಳನ್ನು ತಿಳಿಯದ ಎರಡನೆಯ ತಜ್ಞನಿಂದ ಸ್ವತಂತ್ರ ಪರಿಶೀಲನೆ ನಡೆಯಬೇಕೆಂಬ ಅಭಿಪ್ರಾಯ ಬಲಗೊಂಡಿದೆ.

ಹೋಲಿಕೆ ಸರಿಯಾಗಿದ್ದರೂ ಬೆರಳಚ್ಚು ಹೇಳುವುದು ಇಷ್ಟೇ: ಈ ವ್ಯಕ್ತಿ ಈ ವಸ್ತುವನ್ನು ಮುಟ್ಟಿದ್ದಾನೆ. ಯಾವಾಗ, ಏಕೆ ಎಂಬುದನ್ನು ಅದು ಹೇಳಲಾರದು. ಅಚ್ಚಿನ ವಯಸ್ಸನ್ನು ನಿಖರವಾಗಿ ತಿಳಿಯುವ ವಿಶ್ವಾಸಾರ್ಹ ವಿಧಾನವೂ ರೂಢಿಯಲ್ಲಿಲ್ಲ. ಈ ಪ್ರಶ್ನೆಗಳಿಗೆ ಉತ್ತರವನ್ನು ಪ್ರಕರಣದ ಉಳಿದ ಸಾಕ್ಷ್ಯಗಳಿಂದಲೇ ಪಡೆಯಬೇಕಾಗುತ್ತದೆ.